ಝೋಜಿ ಲಾ ದಾಟಿದ ಮೇಲೆ

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ೪೨೦ ಕಿ.ಮೀ.ಗಿಂತ ತುಸು ಹೆಚ್ಚು. ಲೆಕ್ಕಕ್ಕೆ ಹೇಳುವುದಾದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟೇ ದೂರ. ಹುಬ್ಬಳ್ಳಿಗಾದರೆ ರಾತ್ರಿ ಬಸ್ಸು ಹತ್ತಿ, ಒಂದು ನಿದ್ದೆ ತೆಗೆದು, ಬೆಳಿಗ್ಗೆ ಕಣ್ಣು ಬಿಟ್ಟರೆ ಊರು ಬಂದಿರುತ್ತದೆ. ಇಲ್ಲಿ ಎರಡು ಹಗಲು ಬೇಕು. ಅದೂ ಎಚ್ಚರವಾಗಿದ್ದವನಿಗೆ ಮಾತ್ರ ದಾರಿ. ಸೀಟಿಗೊರಗಿ ಮಲಗಿದವನು ಕಳೆದುಕೊಳ್ಳುವುದು ಒಂದೆರಡು ನೋಟವಲ್ಲ, ಸಾವಿರ ವರ್ಷದ ಕತೆ.

ಈಗಿನವರಿಗೆ ಇದು ಸೈನ್ಯದ ಲಾರಿಗಳೂ ಮೋಟರ್ ಸೈಕಲ್ ಹುಡುಗರೂ ಓಡಾಡುವ ಒಂದನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಆದರೆ ಡಾಂಬರು ಬೀಳುವುದಕ್ಕೆ ಎಷ್ಟೋ ಶತಮಾನಗಳ ಮುಂಚಿನಿಂದಲೂ ಇಲ್ಲಿ ಜನ ನಡೆದಿದ್ದಾರೆ. ಕುದುರೆ, ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡ ವ್ಯಾಪಾರಿಗಳಿಗೆ ಶ್ರೀನಗರದಿಂದ ಲೇಹ್ ಮುಟ್ಟಲು ಸುಮಾರು ಎರಡು ವಾರ ಹಿಡಿಯುತ್ತಿತ್ತು. ಪಶ್ಮಿನಾ ಉಣ್ಣೆ ಪೂರ್ವದಿಂದ ಪಶ್ಚಿಮಕ್ಕೆ ಬಂತು. ಬಟ್ಟೆ, ಕೇಸರಿ, ಸಂಬಾರ ಪಶ್ಚಿಮದಿಂದ ಪೂರ್ವಕ್ಕೆ ಹೋದವು. ಬೌದ್ಧ ಭಿಕ್ಷುಗಳು, ಬಡಗಿಗಳು, ಚಿತ್ರಗಾರರು, ಮೌಲ್ವಿಗಳು, ಸೈನಿಕರು ಎಲ್ಲರೂ ಇದೇ ಕಣಿವೆಗಳಲ್ಲಿ ಹಾದುಹೋದರು. ಹೋದವರು ಸುಮ್ಮನೆ ಹೋಗಲಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಗುರುತು ಬಿಟ್ಟರು. ಒಂದು ತುದಿಯಲ್ಲಿ ಅಳಿದದ್ದು ಇನ್ನೊಂದು ತುದಿಯಲ್ಲಿ ಉಳಿದಿರುವುದೇ ಈ ದಾರಿಯ ಸೋಜಿಗ.

ತುಮಕೂರಿನ ಒಂದು ಸಂಸಾರ ಈ ದಾರಿ ಹಿಡಿಯಿತು ಎಂದಿಟ್ಟುಕೊಳ್ಳಬಹುದು. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಅಮ್ಮನಿಗೆ ಬ್ಯಾಂಕಿನ ಕೆಲಸ. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು. ಬಾಡಿಗೆ ಗಾಡಿ ಶ್ರೀನಗರ ಬಿಟ್ಟು ಗಂದರಬಲ್, ಕಂಗನ್ ದಾಟುವಷ್ಟರಲ್ಲಿ ಪಕ್ಕದಲ್ಲೊಂದು ನದಿ ಜೊತೆಯಾಗುತ್ತದೆ. ಹೆಸರು ಕೇಳಿದರೆ ಡ್ರೈವರ್ 'ಸಿಂಧ್' ಎನ್ನುತ್ತಾನೆ. ಮಗ ಹಿಗ್ಗಿಬಿಡುತ್ತಾನೆ: "ಅಪ್ಪಾ, ಸಿಂಧೂ ನದಿ ಬಂದೇಬಿಡ್ತು!"

"ಇದಲ್ಲ ಕಣೋ. ಹೆಸರೊಂದೇ. ಸಿಂಧೂ ಸಿಗಬೇಕಾದರೆ ನಾಳೆ ಮಧ್ಯಾಹ್ನ ಆಗಬೇಕು."

ಕಾಶ್ಮೀರದ ಈ ಸಿಂಧ್ ಹೋಗಿ ಝೀಲಂ ಸೇರುತ್ತದೆ. ಝೀಲಂ ಚೀನಾಬನ್ನು ಸೇರಿ, ಬಹುದೂರ ಹರಿದು, ಕಡೆಗೆ ಪಾಕಿಸ್ತಾನದ ಬಯಲಿನಲ್ಲಿ ನಿಜವಾದ ಸಿಂಧೂವನ್ನು ಕೂಡುತ್ತದೆ. ಎರಡು ನದಿಗಳ ನಡುವೆ ಇರುವುದು ಹಿಮಾಲಯದ ಒಂದು ಗೋಡೆ. ಗೋಡೆಯ ಮೇಲಿನ ಸಂದಿಗೆ ಝೋಜಿ ಲಾ ಎಂದು ಹೆಸರು. 'ಲಾ' ಎಂದರೇ ಕಣಿವೆಮಾರ್ಗ. ಆದ್ದರಿಂದ 'ಝೋಜಿ ಲಾ ಪಾಸ್' ಎನ್ನುವುದು 'ಆಗುಂಬೆ ಘಾಟ್ ಘಾಟಿ' ಎಂದಂತೆ. ಆದರೂ ಎಲ್ಲರೂ ಹಾಗೆಯೇ ಅನ್ನುತ್ತಾರೆ.

ಸೋನಮಾರ್ಗದ ಹುಲ್ಲುಗಾವಲು, ದೇವದಾರು, ಕುದುರೆಯವರ ಗದ್ದಲ ಇವುಗಳ ವರ್ಣನೆ ಎಲ್ಲ ಪ್ರವಾಸಿ ಪುಸ್ತಕಗಳಲ್ಲೂ ಇದೆ. ಅಲ್ಲಿಗೆ ಚಳಿಗಾಲದಲ್ಲೂ ಹೋಗಿಬರಲು ಅನುವಾಗುವಂತೆ ಆರೂವರೆ ಕಿ.ಮೀ. ಉದ್ದದ ಸುರಂಗವೊಂದು ೨೦೨೫ರ ಜನವರಿಯಲ್ಲಿ ತೆರೆಯಿತು. ಮುಂದಿನ ಝೋಜಿ ಲಾ ಅಡಿಯಲ್ಲಿ ಅದರ ಎರಡರಷ್ಟು ಉದ್ದದ ಸುರಂಗ ಕೊರೆಯುವ ಕೆಲಸ ೨೦೨೦ರಲ್ಲಿ ಆರಂಭವಾಯಿತು. ಮೊದಲೆಲ್ಲ ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚಿರುತ್ತಿದ್ದ ದಾರಿ ಇದು. ಈಚಿನ ವರ್ಷಗಳಲ್ಲಿ ಗಡಿ ರಸ್ತೆಗಳ ಸಂಸ್ಥೆಯವರು ಯಂತ್ರ ಹೂಡಿ ಆ ಅವಧಿಯನ್ನು ಬಹಳ ಇಳಿಸಿದ್ದಾರೆ. ಆಚೆಯ ಊರುಗಳಲ್ಲಿ ಚಳಿಗಾಲದ ಹೆರಿಗೆ, ಕಾಯಿಲೆಗಳಿಗೆ ಇದರ ಬೆಲೆ ಏನೆಂದು ಪ್ರವಾಸಿಗೆ ಹೊಳೆಯುವುದು ಕಷ್ಟ.

ಬಾಲ್ತಾಲ್ ಬಳಿ ಏರು ಶುರುವಾಗುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು, "ರೀ, ಆ ಡ್ರೈವರಿಗೆ ಹಾಡು ನಿಲ್ಲಿಸೋಕೆ ಹೇಳ್ರೀ" ಎನ್ನುವ ಜಾಗ ಇದೇ. ಮೇಷ್ಟ್ರು ಮಾತ್ರ ಇಲ್ಲಿ ಬೇರೆಯದನ್ನು ಹುಡುಕುತ್ತಿರುತ್ತಾರೆ. ಏಕೆಂದರೆ ಈ ೩,೫೨೮ ಮೀಟರ್ ಎತ್ತರದ ಸಂದಿಗೂ ಕನ್ನಡ ನಾಡಿಗೂ ಒಂದು ನಂಟಿದೆ.

೧೯೪೮ರ ಬೇಸಿಗೆಯಲ್ಲಿ ಝೋಜಿ ಲಾ, ದ್ರಾಸ್, ಕಾರ್ಗಿಲ್ ಎಲ್ಲವೂ ಪಾಕಿಸ್ತಾನದ ಕಡೆಯ ಪಡೆಗಳ ಕೈಸೇರಿದವು. ಲೇಹ್ ಒಂಟಿಯಾಯಿತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ಫಲಿಸಲಿಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ ಆಗ ಅಲ್ಲಿನ ಡಿವಿಷನ್ನಿನ ಮುಖ್ಯಸ್ಥರು. ಕಣಿವೆಯ ಮೇಲಕ್ಕೆ ಟ್ಯಾಂಕುಗಳನ್ನು ಒಯ್ಯಬೇಕೆಂದು ಅವರು ತೀರ್ಮಾನಿಸಿದರು. ಹೇಸರಗತ್ತೆ ಹೋಗುವ ಕಾಲುದಾರಿಯಲ್ಲಿ ಟ್ಯಾಂಕು! ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ತೋಪಿನ ಗೂಡನ್ನು ಬಿಚ್ಚಿ, ಗುಟ್ಟಾಗಿ ಶ್ರೀನಗರದಾಚೆಗೆ ಸಾಗಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಬಂಡೆ ಒಡೆದು ದಾರಿ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲಿ ನೆಲೆಯಿರುವ ಪಡೆಯವರು. ನವೆಂಬರ್ ೧ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಯ ಮೇಲೆ ಕಾಣಿಸಿಕೊಂಡಾಗ ಎದುರಾಳಿಗಳಿಗೆ ನಂಬಿಕೆಯೇ ಬರಲಿಲ್ಲ. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಮರಳಿ ಬಂದವು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳನ್ನು ಯಾರೂ ಅದಕ್ಕೆ ಮೊದಲು ಹೂಡಿರಲಿಲ್ಲ. ಕೊಡಗಿನ ಶಾಲೆಗಳಲ್ಲಿ ತಿಮ್ಮಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಅವರು ಹತ್ತಿದ ಬೆಟ್ಟದ ಹೆಸರೂ ಮಕ್ಕಳಿಗೆ ಗೊತ್ತಿದ್ದರೆ ಚೆನ್ನ.

ಕಣಿವೆ ದಾಟಿದ ಹತ್ತು ನಿಮಿಷಕ್ಕೆ ಮಗಳು ಕೇಳುತ್ತಾಳೆ: "ಅಪ್ಪಾ, ಮರಗಳೆಲ್ಲ ಎಲ್ಲಿ ಹೋದವು?" ಮಳೆ ನೆರಳಿನ ಪ್ರದೇಶ ಎಂದು ಪುಸ್ತಕದಲ್ಲಿ ಓದಿದ್ದು ಕಣ್ಣ ಮುಂದೆ ಬರುವುದು ಹೀಗೆ. ಆಗುಂಬೆಯ ಮಳೆಕಾಡಿನಿಂದ ತುಮಕೂರಿನ ಬಯಲಿಗೆ ಬರಲು ಅರ್ಧ ದಿನವಾದರೂ ಬೇಕು, ನಡುವೆ ಕಾಡು ಮೆಲ್ಲಗೆ ತೆಳ್ಳಗಾಗುತ್ತದೆ. ಇಲ್ಲಿ ಒಂದೇ ಬಾಗಿಲು. ಮೋಡಗಳು ಗೋಡೆಗೆ ಢಿಕ್ಕಿ ಹೊಡೆದು ಆಚೆಯೇ ಸುರಿದುಬಿಡುತ್ತವೆ. ಮುಂದೆ ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು ೧೦೦ ಮಿ.ಮೀ. ಮಾತ್ರ. ಮರ ಕಂಡಿತೆಂದರೆ ಅಲ್ಲಿ ಕಾಲುವೆಯಿದೆ, ಕಾಲುವೆಯಿದ್ದರೆ ಊರಿದೆ ಎಂದು ಅರ್ಥ.

ದ್ರಾಸ್‌ನಲ್ಲಿ ಒಂದು ಫಲಕವಿದೆ: ಜನವಸತಿ ಇರುವ ಊರುಗಳ ಪೈಕಿ ಜಗತ್ತಿನಲ್ಲೇ ಎರಡನೆಯ ಅತಿ ಶೀತಲ ಸ್ಥಳ ಇದಂತೆ. ಲೆಕ್ಕ ಹಾಕಿದವರು ಯಾರೋ. ಪ್ರವಾಸಿಗಳೆಲ್ಲ ಅದರ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಅದೇ ಊರಿನ ರಸ್ತೆ ಬದಿಯಲ್ಲಿ ನಿಂತಿರುವ ಹಳೆಯ ಕಲ್ಲಿನ ಮೈತ್ರೇಯ, ಅವಲೋಕಿತೇಶ್ವರ ಶಿಲ್ಪಗಳ ಮುಂದೆ ಗಾಡಿ ನಿಲ್ಲುವುದು ಅಪರೂಪ. ಇಂದು ಮುಸಲ್ಮಾನರೇ ಹೆಚ್ಚಾಗಿರುವ, ಶಿನಾ ಭಾಷೆ ಆಡುವ ಊರಿನ ಅಂಚಿನಲ್ಲಿ ಆ ಮೂರ್ತಿಗಳು ಹಿಮ, ಬಿಸಿಲು ತಿನ್ನುತ್ತಾ ನಿಂತಿವೆ. ದಾರಿ ಬಿಟ್ಟ ಮೊದಲ ಗುರುತು ಅವು.

ಸ್ವಲ್ಪ ಮುಂದೆ ಯುದ್ಧ ಸ್ಮಾರಕ. ಇಲ್ಲಿ ಮಾತ್ರ ಎಲ್ಲ ಗಾಡಿಗಳೂ ನಿಲ್ಲುತ್ತವೆ, ನಿಲ್ಲಬೇಕು ಕೂಡ. ೧೯೯೯ರ ಯುದ್ಧ ಯಾಕೆ ಇಲ್ಲೇ ನಡೆಯಿತು ಎಂಬುದಕ್ಕೆ ಯಾವ ಪುಸ್ತಕವೂ ಬೇಡ. ಸ್ಮಾರಕದ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ತೋಲೋಲಿಂಗ್ ಬೆಟ್ಟ, ಅತ್ತ ಟೈಗರ್ ಹಿಲ್. ಅಲ್ಲಿ ಕುಳಿತವನಿಗೆ ಕೆಳಗಿನ ಹೆದ್ದಾರಿಯ ಒಂದೊಂದು ಲಾರಿಯೂ ಕಾಣುತ್ತದೆ. ಈ ದಾರಿ ತುಂಡಾದರೆ ಲೇಹ್‌ನ ಮುಖ್ಯ ಕೊಂಡಿಯೇ ತುಂಡು. ಜೂನ್ ೧೩ರಂದು ತೋಲೋಲಿಂಗ್, ಜುಲೈ ೪ರಂದು ಟೈಗರ್ ಹಿಲ್ ಮರಳಿ ಕೈಗೆ ಬರುವ ಹೊತ್ತಿಗೆ ಎಷ್ಟು ಮನೆಗಳಿಗೆ ತಂತಿ ಹೋಗಿತ್ತೋ. ಒಟ್ಟು ೫೨೭ ಯೋಧರು ಆ ಯುದ್ಧದಲ್ಲಿ ಮಡಿದರು. ಗೋಡೆಯ ಮೇಲಿನ ಹೆಸರುಗಳನ್ನು ಓದುತ್ತಾ ಎಂಟನೇ ಕ್ಲಾಸಿನ ಹುಡುಗ ಅಂದು ಹೆಚ್ಚು ಮಾತಾಡುವುದಿಲ್ಲ.

ರಾತ್ರಿ ತಂಗುವುದಕ್ಕೆ ಕಾರ್ಗಿಲ್. ಹಲವರು ಇದನ್ನು ಹಾಸಿಗೆ ಇರುವ ಊರು ಎಂದಷ್ಟೇ ತಿಳಿದು, ಕತ್ತಲಲ್ಲಿ ಬಂದು ಕತ್ತಲಲ್ಲೇ ಹೊರಡುತ್ತಾರೆ. ಒಂದು ಬೆಳಗಾದರೂ ಇಲ್ಲಿ ಕಳೆಯಬೇಕು. ಶ್ರೀನಗರ, ಲೇಹ್, ಝನ್ಸ್ಕಾರ್, ಸ್ಕರ್ದು ನಾಲ್ಕು ದಿಕ್ಕಿನ ದಾರಿ ಕೂಡುತ್ತಿದ್ದ ಸಂತೆಯ ಊರಿದು. ಮುನ್ಷಿ ಅಜೀಜ್ ಭಟ್ ಎಂಬ ವ್ಯಾಪಾರಿ ೧೯೨೦ರಲ್ಲಿ ಕಟ್ಟಿಸಿದ ಸರಾಯಿಯಲ್ಲಿ ಯಾರ್ಕಂದದ ಜನರೂ ಪಂಜಾಬಿನವರೂ ಒಂದೇ ಸೂರಿನಡಿ ಮಲಗುತ್ತಿದ್ದರು. ಎಷ್ಟೋ ವರ್ಷ ಮುಚ್ಚಿಬಿದ್ದಿದ್ದ ಆ ಕಟ್ಟಡದಲ್ಲಿ ಸಿಕ್ಕ ಜೀನು, ಲಾಳ, ಗುಂಡಿ, ಬಟ್ಟೆ, ಔಷಧಿ ಸೀಸೆ, ಲೆಕ್ಕದ ಪುಸ್ತಕಗಳನ್ನು ಜೋಡಿಸಿ ಅವರ ಮನೆಯವರೇ ಒಂದು ವಸ್ತು ಸಂಗ್ರಹಾಲಯ ಮಾಡಿದ್ದಾರೆ. ಚಿಕ್ಕದು. ಆದರೆ 'ರೇಷ್ಮೆ ದಾರಿ' ಎಂಬ ಪಾಠ ಓದಿದ ಮಗುವಿಗೆ ಆ ದಾರಿಯಲ್ಲಿ ನಡೆದ ಕುದುರೆಯ ಲಾಳವನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ಕಾರ್ಗಿಲ್‌ನಿಂದ ಸ್ಕರ್ದುವಿಗೆ ಇದ್ದ ದಾರಿ ಮಾತ್ರ ೧೯೪೮ರ ಯುದ್ಧದಿಂದೀಚೆಗೆ ಮುಚ್ಚಿದೆ. ಅಣ್ಣ ಇಲ್ಲಿ, ತಂಗಿ ಅಲ್ಲಿ ಎಂದು ಒಡೆದುಹೋದ ಮನೆಗಳು ಈ ಸೀಮೆಯಲ್ಲಿವೆ. ಬೆಟ್ಟದ ದಾರಿಯನ್ನು ಹಿಮ ಮುಚ್ಚಿದರೆ ಬೇಸಿಗೆಯಲ್ಲಿ ತೆರೆಯುತ್ತದೆ.

ಇನ್ನೊಂದು ಕಾರಣಕ್ಕೂ ಕಾರ್ಗಿಲ್ ತಂಗುದಾಣ ಒಳ್ಳೆಯದು. ಶ್ರೀನಗರ ೧,೬೦೦ ಮೀಟರ್ ಹತ್ತಿರ, ಕಾರ್ಗಿಲ್ ೨,೭೦೦ರ ಹತ್ತಿರ, ಲೇಹ್ ೩,೫೦೦. ದೇಹ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಕೊಳ್ಳುತ್ತದೆ. ದಿಲ್ಲಿಯಿಂದ ವಿಮಾನದಲ್ಲಿ ಒಮ್ಮೆಗೇ ಲೇಹ್‌ಗೆ ಇಳಿದವರು ತಲೆನೋವು, ವಾಂತಿ ಎಂದು ಮೊದಲೆರಡು ದಿನ ಹೋಟೆಲಿನ ಕೋಣೆಯಲ್ಲೇ ಇರಬೇಕಾಗುತ್ತದೆ. ದಾರಿಯಲ್ಲಿ ಬಂದವರೂ ಅವಸರ ಮಾಡಬಾರದು. ತಲೆ ಸಿಡಿಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ಮಾತ್ರೆ ನುಂಗಿ ಮೇಲೆ ಹೋಗುವುದಲ್ಲ, ಕೆಳಗೆ ಇಳಿಯಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಡಾಕ್ಟರನ್ನು ಕೇಳಿಕೊಂಡೇ ಹೊರಡುವುದು ಮೇಲು. ಗಡಿ ಸೀಮೆಯಾದ್ದರಿಂದ ಅಲ್ಲಿನ ಪರಿಸ್ಥಿತಿಯನ್ನೂ ವಿಚಾರಿಸಿಕೊಳ್ಳಬೇಕು.

ಎರಡನೆಯ ದಿನ ಮುಲ್ಬೆಖ್. ರಸ್ತೆಗೆ ಅಂಟಿಕೊಂಡಂತೆ ಒಂದು ಬಂಡೆ, ಬಂಡೆಯಲ್ಲಿ ಸುಮಾರು ಒಂಬತ್ತು ಮೀಟರ್ ಎತ್ತರದ ಮೈತ್ರೇಯ. ಎಂಟನೆಯ ಶತಮಾನದ ಆಸುಪಾಸಿನದೆಂದು ಬಹಳ ವಿದ್ವಾಂಸರ ಎಣಿಕೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಂಡವರಿಗೆ ಎತ್ತರದಿಂದ ಬೆರಗಾಗುವುದಿಲ್ಲ. ಬೆರಗು ಪಕ್ಕದ ಬರಹಗಳಲ್ಲಿದೆ. ಕ್ರಿ.ಶ. ೧೪೦೦ರ ಸುಮಾರಿನಲ್ಲಿ ಲಡಾಖಿನ ರಾಜ ಬುಮ್ದೆ ಪ್ರಾಣಿಬಲಿ ನಿಲ್ಲಿಸಬೇಕೆಂದು ಇಲ್ಲಿನ ಬಂಡೆಯ ಮೇಲೆ ಆಜ್ಞೆ ಕೊರೆಸಿದ. ಇಷ್ಟಾದರೆ ಅದು ಎಲ್ಲ ರಾಜರ ಶಾಸನಗಳಂತೆಯೇ. ಆದರೆ ಊರ ಜನ ಅದರ ಬಳಿಯಲ್ಲೇ ತಮ್ಮ ಉತ್ತರವನ್ನೂ ಕೊರೆಸಿದರು! ಆಜ್ಞೆ ಪಾಲಿಸುವುದು ನಮ್ಮಿಂದಾಗದು, ಆಡು ಕೊಡದಿದ್ದರೆ ನಮ್ಮ ದೇವರು ಏನೆಂದಾನು ಎಂಬುದು ಅದರ ತಾತ್ಪರ್ಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಬರಹಗಳನ್ನು ಓದಿ ಲೋಕಕ್ಕೆ ತಿಳಿಸಿದವರು ಲಡಾಖಿನಲ್ಲಿ ನೆಲೆಸಿದ್ದ ಪಾದ್ರಿ ವಿದ್ವಾಂಸ ಎ.ಎಚ್. ಫ್ರಾಂಕೆ. ಸರ್ಕಾರದ ಸುತ್ತೋಲೆಗೆ ಊರಿನವರ ತಕರಾರು ಅರ್ಜಿ ಆರು ನೂರು ವರ್ಷ ಉಳಿದುಕೊಂಡದ್ದು ಬೇರೆಲ್ಲೂ ಇರಲಾರದು. ತುಮಕೂರಿನ ಮೇಷ್ಟ್ರು ಇದನ್ನು ಹೇಳಿದರೆ ಮಗ ಬಿಡುತ್ತಾನೆಯೇ?

"ಹಾಗಾದ್ರೆ ಹೆಡ್‌ಮಾಸ್ಟರ್ ನೋಟೀಸ್ ಪಕ್ಕ ನಾವೂ ಬರೀಬಹುದಾ ಅಪ್ಪಾ?"

"ಬರಿಯೋ, ಆದ್ರೆ ಬಂಡೆ ಮೇಲೆ ಬರಿ. ಗೋಡೆಗೆ ಸುಣ್ಣ ಹೊಡೆದುಬಿಡ್ತಾರೆ."

ಮುಲ್ಬೆಖ್‌ನಲ್ಲಿ ಮಸೀದಿಯೂ ಇದೆ, ಬೆಟ್ಟದ ಮೇಲೆ ಗೊಂಪವೂ ಇದೆ. ಪಶ್ಚಿಮದಿಂದ ಬರುವವರಿಗೆ ಬೌದ್ಧ ಊರುಗಳು ಕಾಣಲು ತೊಡಗುವುದು ಇಲ್ಲಿಂದ. ನಮಿಕಾ ಲಾ, ಆಮೇಲೆ ಫೋತು ಲಾ. ಫೋತು ಲಾ ೪,೧೦೮ ಮೀಟರ್. ಇಡೀ ಹೆದ್ದಾರಿಯಲ್ಲಿ ಇದೇ ಅತಿ ಎತ್ತರ. ಗಾಳಿಗೆ ಹಾರುವ ಬಣ್ಣದ ಬಾವುಟ, ಒಂದು ಪಟ, ಮುಂದಕ್ಕೆ.

ಇಳಿದರೆ ಲಾಮಾಯೂರು. ಗೊಂಪದ ಸುತ್ತ ಹಳದಿ ಮಣ್ಣು ಮಡಿಕೆ ಮಡಿಕೆಯಾಗಿ ಬಿದ್ದಿದೆ. 'ಚಂದ್ರಲೋಕ' ಎಂದು ಪ್ರವಾಸಿಗಳು ಇಟ್ಟ ಹೆಸರು ಅಷ್ಟೇನೂ ಸರಿಯಲ್ಲ. ಚಂದ್ರನ ಮೇಲೆ ನೀರಿಲ್ಲ, ಇದನ್ನು ಮಾಡಿದ್ದೇ ನೀರು. ಇಲ್ಲಿ ಹಿಂದೆ ದೊಡ್ಡ ಸರೋವರವಿತ್ತಂತೆ, ಒಬ್ಬ ಅರ್ಹತ ಪ್ರಾರ್ಥಿಸಿ ಅದನ್ನು ಬರಿದು ಮಾಡಿದನಂತೆ, ಹನ್ನೊಂದನೆಯ ಶತಮಾನದಲ್ಲಿ ನಾರೋಪ ಇಲ್ಲಿನ ಗುಹೆಯಲ್ಲಿ ತಪಸ್ಸು ಮಾಡಿದನಂತೆ. ಕತೆ ಎಂದು ತಳ್ಳಿಹಾಕುವ ಹಾಗಿಲ್ಲ. ಭೂವಿಜ್ಞಾನಿಗಳೂ ಈ ಹಳದಿ ಮಣ್ಣು ಹತ್ತಾರು ಸಾವಿರ ವರ್ಷ ಹಿಂದಿನ ಸರೋವರದ ತಳದಲ್ಲಿ ಪದರ ಪದರವಾಗಿ ಕೂತ ಹೂಳು ಎನ್ನುತ್ತಾರೆ. ಇಲ್ಲೊಂದು ತಮಾಷೆ ಇದೆ. ದಾರಿಯ ಆ ತುದಿಯಲ್ಲಿ ಕಾಶ್ಮೀರ ಕಣಿವೆಯೂ ಹಿಂದೆ ಸತೀಸರ ಎಂಬ ಸರೋವರವಾಗಿತ್ತು, ಕಶ್ಯಪ ಋಷಿ ಅದನ್ನು ಬರಿದು ಮಾಡಿಸಿದ ಎಂದು ನೀಲಮತ ಪುರಾಣ ಹೇಳುತ್ತದೆ. ಪಾಂಪೋರಿನಲ್ಲಿ ಕೇಸರಿ ಬೆಳೆಯುವ ಕರೇವಾ ದಿಬ್ಬಗಳು ಕೂಡ ಹಳೆಯ ಸರೋವರದ ಹೂಳೇ. ಎರಡು ಧರ್ಮ, ಎರಡು ಭಾಷೆ, ಒಂದೇ ಬಗೆಯ ನೆನಪು. ಕತೆಯೂ ಕುದುರೆ ಹತ್ತಿ ಈ ದಾರಿಯಲ್ಲಿ ಬಂತೋ, ಅಥವಾ ಎರಡೂ ಕಡೆಯವರು ಮಣ್ಣು ನೋಡಿ ತಾವೇ ಊಹಿಸಿದರೋ!

ಅಲ್ಲಿಂದ ಜಿಲೇಬಿ ಸುತ್ತಿದಂತೆ ಸುತ್ತುತ್ತಿದ್ದ ಹಳೆಯ ರಸ್ತೆಯ ಬದಲು ಈಗ ಕಮರಿಯ ಬುಡದಲ್ಲೇ ಹೊಸ ದಾರಿಯಿದೆ. ಖಲ್ಸಿ ಹತ್ತಿರ, ಕೊನೆಗೂ, ಸಿಂಧೂ. "ಇದೇನಾ?" ಎಂದು ಮಗನಿಗೆ ಕೊಂಚ ನಿರಾಸೆ. ಪುಸ್ತಕದ ಸಿಂಧೂ ಕಡಲಿನಂತಿರಬೇಕಿತ್ತು. ಇಲ್ಲಿ ಅದು ಬೆಟ್ಟಗಳ ನಡುವೆ ಸಿಕ್ಕ ಬೂದು ಬಣ್ಣದ ರಭಸದ ಹೊಳೆ. ಮೊಹೆಂಜೊದಾರೊ ಮುಟ್ಟಲು ಅದಕ್ಕಿನ್ನೂ ಬಹಳ ದೂರವಿದೆ.

ಇನ್ನು ಆಲ್ಚಿ. ಹೆದ್ದಾರಿ ಬಿಟ್ಟು, ಸೇತುವೆ ದಾಟಿ, ಸಿಂಧೂವಿನ ಆಚೆ ದಡಕ್ಕೆ ಹೋಗಬೇಕು. ಹೊತ್ತಾಯಿತೆಂದು ಡ್ರೈವರ್ ಬಿಡಿಸಲು ನೋಡುವ ಜಾಗವೂ ಇದೇ. ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆಯ, ಸಾಮಾನ್ಯ ಎತ್ತರದ ಗುಡಿಗಳು. ಬೇರೆ ಗೊಂಪಗಳಂತೆ ಬೆಟ್ಟದ ನೆತ್ತಿಯಲ್ಲೂ ಇಲ್ಲ, ಜರ್ದಾಲು ಮರಗಳ ನಡುವೆ ಸಮತಟ್ಟಿನಲ್ಲಿವೆ. ಮೂರು ಅಂತಸ್ತಿನ ಸುಮ್‌ತ್ಸೆಕ್ ಎಂಬ ಗುಡಿಯ ಮುಂದಿನ ಮರದ ಕಂಬ, ತ್ರಿಕೋನದೊಳಗಿನ ಮೂರೆಸಳ ಕಮಾನು ಇವೆಲ್ಲ ಶ್ರೀನಗರದ ಬಳಿಯ ಪಾಂಡ್ರೆಥಾನ್ ಕಲ್ಲುಗುಡಿಯಲ್ಲಿ ಕಂಡವೇ. ಅಲ್ಲಿ ಕಲ್ಲು, ಇಲ್ಲಿ ಮರ. ಒಳಗೆ ಕತ್ತಲು. ಕಣ್ಣು ಹೊಂದಿಕೊಂಡಂತೆ ಮೂರು ಗೂಡುಗಳಲ್ಲಿ ಅವಲೋಕಿತೇಶ್ವರ, ಮೈತ್ರೇಯ, ಮಂಜುಶ್ರೀಯರ ಭಾರಿ ಮಣ್ಣಿನ ಮೂರ್ತಿಗಳು ಮೂಡುತ್ತವೆ. ಮುಖ ಮೇಲಿನ ಅಂತಸ್ತಿನಲ್ಲಿದೆ, ಕೆಳಗೆ ನಿಂತವರಿಗೆ ಕಾಣುವುದು ಪಂಚೆ. ಆ ಪಂಚೆಯನ್ನೇ ನೋಡಬೇಕು. ಅವಲೋಕಿತೇಶ್ವರನ ಪಂಚೆಯ ಮೇಲೆ ಅಂಗೈಯಗಲದ ಚಿತ್ರಗಳಲ್ಲಿ ಒಂದು ನಾಡೇ ಇದೆ: ಗುಡಿಗಳು, ಅರಮನೆಗಳು, ಕುದುರೆ ಸವಾರರು, ಪೂಜೆಗೆ ಬಂದವರು. ಅದು ಹನ್ನೊಂದು, ಹನ್ನೆರಡನೆಯ ಶತಮಾನದ ಕಾಶ್ಮೀರ ಎಂದು ವಿದ್ವಾಂಸರ ಅಭಿಪ್ರಾಯ. ಬರೆದ ಕೈಗಳೂ ಕಾಶ್ಮೀರದವೇ. ಕಾಶ್ಮೀರದಲ್ಲಿ ಆ ಕಾಲದ ಗೋಡೆಚಿತ್ರ ಇಂದು ಒಂದೂ ಉಳಿದಿಲ್ಲ. ಝೋಜಿ ಲಾ ದಾಟಿ, ಎರಡು ವಾರ ನಡೆದು, ಕೂಲಿಗಾಗಿಯೋ ಭಕ್ತಿಗಾಗಿಯೋ ಬಂದ ಹೆಸರಿಲ್ಲದ ಚಿತ್ರಗಾರರು ತಮ್ಮ ಊರನ್ನು ದೇವರ ಬಟ್ಟೆಯ ಮೇಲೆ ಬರೆದಿಟ್ಟು ಹೋದರು. ಅವರ ಊರು ಈಗ ಇರುವುದು ಇಲ್ಲಿ ಮಾತ್ರ.

ಅದು ಉಳಿದದ್ದಕ್ಕೆ ಕಾರಣ ವಿಚಿತ್ರವಾಗಿದೆ. ಕೆಲವು ಶತಮಾನಗಳ ಬಳಿಕ ಇಲ್ಲಿ ನಿತ್ಯದ ಪೂಜೆ ಕಡಿಮೆಯಾಯಿತು. ಬೆಣ್ಣೆ ದೀಪದ ಹೊಗೆ ಹತ್ತದೆ ಬಣ್ಣಗಳು ಹಾಗೆಯೇ ಉಳಿದವು. ಈಗ ಪುರಾತತ್ವ ಇಲಾಖೆಯ ಕಾವಲಿದೆ, ಒಳಗೆ ಪಟ ತೆಗೆಯುವಂತಿಲ್ಲ. ಮೊಬೈಲು ಜೇಬಿನಲ್ಲಿಟ್ಟುಕೊಂಡ ಮಗಳು ಅರ್ಧ ಗಂಟೆ ಪಂಚೆಯ ಮುಂದೆ ಕೂತುಬಿಡುತ್ತಾಳೆ. ನಿಯಮ ಮಾಡಿದವರಿಗೆ ಪುಣ್ಯ ಬರಲಿ.

ಬಾಸ್ಗೋದ ಕತೆ ಬೇರೆ. ಹದಿನೇಳನೆಯ ಶತಮಾನದಲ್ಲಿ ಟಿಬೆಟ್–ಮಂಗೋಲ್ ಸೈನ್ಯ ನುಗ್ಗಿದಾಗ ಲಡಾಖಿನವರು ಈ ಬೆಟ್ಟದ ಕೋಟೆಯಲ್ಲಿ ಕುಳಿತು ವರ್ಷಗಟ್ಟಲೆ ತಡೆದರು. ಕಡೆಗೆ ಮೊಘಲರ ನೆರವು ಇದೇ ದಾರಿಯಲ್ಲಿ ಬಂತು. ೧೬೮೪ರ ಒಪ್ಪಂದದಲ್ಲಿ ಪಶ್ಮಿನಾ ಉಣ್ಣೆಯೆಲ್ಲ ಕಾಶ್ಮೀರಕ್ಕೇ ಹೋಗಬೇಕೆಂದು ಬರೆಯಿಸಿಕೊಂಡರು. ಮದುವೆ ಮನೆಗಳಲ್ಲಿ ಮೆರೆಯುವ ಕಾಶ್ಮೀರಿ ಶಾಲಿನ ಹಿಂದೆ ಈ ಮಣ್ಣುಕೋಟೆಯ ಮುತ್ತಿಗೆಯೂ ಇದೆ ಎಂದರೆ ಅಮ್ಮನಿಗೆ ಕಿವಿ ನೆಟ್ಟಗಾಗುತ್ತದೆ. ಕೋಟೆಯೊಳಗಿನ ಮೈತ್ರೇಯ ಗುಡಿಗಳು ಬೆಟ್ಟ ಕುಸಿದು ಬೀಳುವಂತಾಗಿದ್ದವು. ೨೦೦೦ದ ಹೊತ್ತಿಗೆ ಅವು ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿದ್ದವು. ಊರಿನವರೇ ಒಂದು ಸಮಿತಿ ಕಟ್ಟಿಕೊಂಡು, ಮಣ್ಣು ಕಲಸಿ, ಹಳೆಯ ಪದ್ಧತಿಯಲ್ಲೇ ನಿಲ್ಲಿಸಿದರು. ೨೦೦೭ರಲ್ಲಿ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ ಆ ಹಳ್ಳಿಗೆ ಬಂತು.

ನಿಮ್ಮೂ ಬಳಿ ಝನ್ಸ್ಕಾರ್ ನದಿ ಬಂದು ಸಿಂಧೂವನ್ನು ಸೇರುತ್ತದೆ. ಎರಡು ಬಣ್ಣದ ನೀರು ಸ್ವಲ್ಪ ದೂರ ಬೆರೆಯದೆ ಪಕ್ಕಪಕ್ಕ ಹರಿಯುವುದು ರಸ್ತೆಯಿಂದಲೇ ಕಾಣುತ್ತದೆ. ಮುಂದೆ ಪತ್ಥರ್ ಸಾಹಿಬ್ ಗುರುದ್ವಾರ. ಗುರು ನಾನಕರು ಬಂದಿದ್ದರೆಂಬ ನಂಬಿಕೆಯ ಬಂಡೆ ಒಳಗಿದೆ, ಸೈನಿಕರೇ ನಡೆಸುವ ಈ ಜಾಗದಲ್ಲಿ ಬಂದವರಿಗೆಲ್ಲ ಬಿಸಿ ಚಹಾ ಉಂಟು. ಬೌದ್ಧರು ಅವರನ್ನು ನಾನಕ್ ಲಾಮಾ ಎನ್ನುತ್ತಾರೆ.

ಹತ್ತಿರದಲ್ಲೇ 'ಮ್ಯಾಗ್ನೆಟಿಕ್ ಹಿಲ್'. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟರೆ ತಾನಾಗಿ ಏರು ಹತ್ತುತ್ತದೆ ಎಂಬ ಪ್ರಚಾರ. ಆಲ್ಚಿಗೆ ಇಲ್ಲದ ಜಾತ್ರೆ ಇಲ್ಲಿ. ಆ ಬೆಟ್ಟದಲ್ಲಿ ಯಾವ ಅಯಸ್ಕಾಂತವೂ ಇಲ್ಲ. ದಿಗಂತ ಕಾಣದಂತೆ ಸುತ್ತ ಇಳಿಜಾರುಗಳಿರುವುದರಿಂದ ಕಣ್ಣಿಗೆ ಮಟ್ಟ ತಪ್ಪುತ್ತದೆ. ಇಳಿಜಾರೇ ಏರಿನಂತೆ ಕಾಣುತ್ತದೆ. ಮಗಳ ಬ್ಯಾಗಿನಲ್ಲಿ ಒಂದು ದಿಕ್ಸೂಚಿ ಇದ್ದರೆ ಸಾಕು, ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಸಂಜೆಗೆ ಲೇಹ್. ಒಂಬತ್ತು ಅಂತಸ್ತಿನ ಹಳೆಯ ಅರಮನೆ, ಅದರ ಕೆಳಗೆ ಪೇಟೆಯ ಮಸೀದಿ, ರಸ್ತೆ ಬದಿಯಲ್ಲಿ ಜರ್ದಾಲು ಮಾರುವ ಹೆಂಗಸರು. ೧೯೭೪ರವರೆಗೆ ಹೊರಗಿನ ಪ್ರವಾಸಿಗಳಿಗೆ ಮುಚ್ಚಿದ್ದ ಊರು. ೨೦೧೯ರಿಂದ ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶ.

ನಾಲ್ಕು ದಿನ ಕಳೆದು ತುಮಕೂರಿನ ಸಂಸಾರ ಹಿಂದಿರುಗುವುದು ವಿಮಾನದಲ್ಲಿ. ರಜೆ ಮುಗಿದಿದೆ, ಶಾಲೆ ತೆರೆಯುತ್ತದೆ. ಹೋಗುವಾಗ ಎರಡು ದಿನ ಹಿಡಿದ ಬೆಟ್ಟಗಳು ಕಿಟಕಿಯ ಕೆಳಗೆ ಕೆಲವೇ ನಿಮಿಷಗಳಲ್ಲಿ ಹಿಂದೆ ಸರಿಯುತ್ತವೆ. ಈ ಊರಿನ ಮೊದಲ ವಿಮಾನಪಟ್ಟಿಯನ್ನು ೧೯೪೮ರಲ್ಲಿ ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೋರ್ಬು ಊರ ಜನರನ್ನು ಕಟ್ಟಿಕೊಂಡು ಕಲ್ಲು ಹೆಕ್ಕಿ ಸಮ ಮಾಡಿಸಿದರು. ಆ ವರ್ಷದ ಮೇ ೨೪ರಂದು ಮೆಹರ್ ಸಿಂಗ್ ಎಂಬ ವಾಯುಪಡೆಯ ಅಧಿಕಾರಿ ಡಕೋಟಾ ವಿಮಾನವೊಂದನ್ನು ಹಿಮಾಲಯ ದಾಟಿಸಿ ತಂದು ಅದರ ಮೇಲೆ ಇಳಿಸಿದರು. ಜೊತೆಗೆ ಕುಳಿತು ಬಂದವರು ತಿಮ್ಮಯ್ಯ.